ಕಾಲುವೆಯ ಕೊನೆಯ ಹೊಲಕ್ಕೂ ಒಂದು ಲೆಕ್ಕ ಬೇಕು: ತುಂಗಭದ್ರಾ ನೀರಾವರಿ ಸಲಹಾ ಸಮಿತಿಗೆ ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ

ಮಾನ್ಯರೇ,

ಪ್ರತಿ ವರ್ಷ ಜಲಾಶಯಕ್ಕೆ ನೀರು ಬಂದ ಮೇಲೆ ತಾವು ಸಭೆ ಸೇರುತ್ತೀರಿ. ಎಷ್ಟು ಟಿಎಂಸಿ ಇದೆ, ಎಡದಂಡೆ ಕಾಲುವೆಗೆ ಎಷ್ಟು ಕ್ಯೂಸೆಕ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ತೀರ್ಮಾನ ಆಗುತ್ತದೆ. ಅದು ಪೇಪರಿನಲ್ಲಿ ಬರುವ ಹೊತ್ತಿಗೆ ಮೇಲ್ಭಾಗದಲ್ಲಿ ಭತ್ತದ ಸಸಿಮಡಿ ಹಾಕಿ ಆಗಿರುತ್ತದೆ. ಕೆಳಭಾಗದಲ್ಲಿ, ನಮ್ಮ ಮಾನ್ವಿ, ಸಿರವಾರ, ರಾಯಚೂರು ತಾಲೂಕುಗಳಲ್ಲಿ, ಕಾಲುವೆಯ 104ನೇ ಮೈಲಿಯಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ಎಷ್ಟಿದೆ ಅಂತ ಜನ ಕೇಳಲು ಶುರು ಮಾಡುತ್ತಾರೆ. ಸ್ವಲ್ಪ ದಿನಕ್ಕೆ ರಸ್ತೆ ತಡೆ, ಕಚೇರಿ ಮುತ್ತಿಗೆ, ಕಾಲುವೆ ದಂಡೆಯ ಮೇಲೆ ಪೊಲೀಸ್ ಕಾವಲು, ನಿಷೇಧಾಜ್ಞೆ. ಮುಂದಿನ ವರ್ಷ ಮತ್ತೆ ಅದೇ.

ನಾನು ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುವವಳು. ನಮ್ಮ ಮನೆಯ ಹೊಲ ಇರುವುದು ಈ ಕಾಲುವೆಯ ಕೊನೆ ಭಾಗದಲ್ಲಿ. ಹೆಚ್ಚು ನೀರು ಕೊಡಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಇರುವ ನೀರನ್ನು ಅಳೆಯಿರಿ, ಅಳತೆಯ ಮೇಲೆ ಬೆಲೆ ಕಟ್ಟಿ, ಕೊನೆ ಭಾಗದವರ ಪಾಲನ್ನು ಅವರ ಹೆಸರಿಗೆ ಬರೆದುಕೊಡಿ ಅಂತ ಕೇಳುತ್ತಿದ್ದೇನೆ.

ಈ ಯೋಜನೆ ಹೇಗೆ ಹುಟ್ಟಿತು ಅನ್ನುವುದು ತಮಗೆ ಗೊತ್ತು. 1945ರಲ್ಲಿ ಅಡಿಗಲ್ಲು, 1953ರಲ್ಲಿ ಕಾಲುವೆಗೆ ನೀರು. ಇದು ಬರದ ಸೀಮೆ. ಬಹಳ ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಸಿಕ್ಕರೆ ಮಳೆ ಕೈಕೊಟ್ಟ ವರ್ಷವೂ ಜೋಳ, ಹತ್ತಿ, ಶೇಂಗಾ ಮನೆಗೆ ಬರುತ್ತದೆ ಅನ್ನುವುದು ಕಟ್ಟಿದವರ ಎಣಿಕೆ. ಅದಕ್ಕೇ 227 ಕಿ.ಮೀ. ಉದ್ದ ಎಡದಂಡೆ ಕಾಲುವೆ ತೋಡಿದರು. ಯಾವ ಹೊಲದಲ್ಲಿ ಭತ್ತ, ಯಾವುದರಲ್ಲಿ ಮಿತ ನೀರಿನ ಬೆಳೆ ಅಂತ ಸರ್ಕಾರವೇ ನಿಗದಿ ಮಾಡಿತು. ಲೋಕಲೈಸೇಷನ್ ಅಂತ ನಾವು ಇವತ್ತಿಗೂ ಕರೆಯುವುದು ಅದನ್ನೇ. ಭತ್ತಕ್ಕೆ ಅದರಲ್ಲಿ ಸಿಕ್ಕಿದ್ದು ಸಣ್ಣ ಪಾಲು.

ಪಟ್ಟಿ ಈಗಲೂ ಕಡತದಲ್ಲಿದೆ. ಗಂಗಾವತಿ, ಕಾರಟಗಿ, ಸಿಂಧನೂರು ದಾರಿಯಲ್ಲಿ ಮಾತ್ರ ಕಣ್ಣು ಹಾಯುವಷ್ಟು ದೂರ ಭತ್ತ.

ಮೇಲ್ಭಾಗದವರು ನೀರು ಕದಿಯುತ್ತಾರೆ ಅಂತ ನಮ್ಮ ಕಡೆಯವರು ಭಾಷಣ ಮಾಡುತ್ತಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಕಾರಟಗಿಯ ಒಬ್ಬ ರೈತರ ಜಾಗದಲ್ಲಿ ನಿಂತು ನೋಡಿ. ಭತ್ತ ಕೊಯ್ಲಾದರೆ ಹೊಲದ ಬದುವಿಗೇ ಲಾರಿ ಬರುತ್ತದೆ. 75 ಕೆ.ಜಿ. ಚೀಲಕ್ಕೆ ಎಷ್ಟು ಅಂತ ಅಲ್ಲೇ ವ್ಯಾಪಾರ. ಹತ್ತಿರದಲ್ಲೇ ರೈಸ್ ಮಿಲ್. ಸೋನಾ ಮಸೂರಿಗೆ ಬೆಂಗಳೂರಿನವರೆಗೂ ಗಿರಾಕಿ. ಬೀಜ, ಗೊಬ್ಬರ, ಸಾಲ, ಕೊಯ್ಯುವ ಮಷಿನ್ ಎಲ್ಲವೂ ಭತ್ತದ ಸುತ್ತ ಬೆಳೆದುಬಿಟ್ಟಿವೆ. ಜೋಳಕ್ಕೆ ಬೆಂಬಲ ಬೆಲೆ ಇಲ್ಲ ಅಂತಲ್ಲ. 2025-26ಕ್ಕೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲ್‌ಗೆ 3,699 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ಕಾಗದದ ಮೇಲೆ ಜೋಳವೇ ಮುಂದೆ. ಆದರೆ ಎಕರೆಗೆ ಬರುವ ಇಳುವರಿ ಭತ್ತದ್ದು ಜಾಸ್ತಿ. ಜೋಳದ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ಎಕರೆಗೆ ಎಷ್ಟು ತಗೊಳ್ತಾರೆ, ದುಡ್ಡು ಯಾವಾಗ ಖಾತೆಗೆ ಬರುತ್ತದೆ ಅನ್ನುವುದು ಬಿತ್ತುವಾಗ ಯಾರಿಗೂ ತಿಳಿದಿರುವುದಿಲ್ಲ. ಅದೂ ಸಾಲದು ಅಂತ, ಪಕ್ಕದ ಗದ್ದೆಯಲ್ಲಿ ನೀರು ನಿಂತರೆ ಎರೆ ಭೂಮಿಯಲ್ಲಿ ಬಸಿದು ಅವರ ಹೊಲವೂ ಜೌಗಾಗುತ್ತದೆ. ಅಲ್ಲಿ ಜೋಳ, ಹತ್ತಿ ಬದುಕುವುದಿಲ್ಲ. ಒಬ್ಬರು ಭತ್ತ ಹಾಕಿದರೆ ಪಕ್ಕದವರೂ ಹಾಕಲೇಬೇಕು.

ಇನ್ನು ನೀರಿನ ಕರ. ಅದು ಎಕರೆ ಲೆಕ್ಕ, ಬೆಳೆ ಲೆಕ್ಕ. ಎಷ್ಟು ನೀರು ಬಳಸಿದಿರಿ ಅನ್ನುವ ಲೆಕ್ಕ ಅಲ್ಲ. ಒಂದು ಎಕರೆಯಲ್ಲಿ ಹಂಗಾಮು ಪೂರ್ತಿ 1,200 ಮಿ.ಮೀ. ನೀರು ಕೊಟ್ಟರೆ ಸುಮಾರು 48 ಲಕ್ಷ ಲೀಟರ್ ಆಗುತ್ತದೆ, ಭತ್ತಕ್ಕೆ ಅಷ್ಟು ಬೇಕು. ಜೋಳಕ್ಕೆ 500 ಮಿ.ಮೀ. ಅಂದರೆ 20 ಲಕ್ಷ ಲೀಟರ್ ಸಾಕು. ಈ 28 ಲಕ್ಷ ಲೀಟರ್ ವ್ಯತ್ಯಾಸದ ಬೆಲೆ ರೈತರ ಖರ್ಚಿನ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಯೂರಿಯಾ ಒಂದು ಚೀಲ ಹೆಚ್ಚು ಹಾಕಬೇಕಾದರೆ ಹತ್ತು ಸಲ ಯೋಚಿಸುವ ರೈತರು ನೀರಿನ ವಿಷಯದಲ್ಲಿ ಯೋಚಿಸಬೇಕಾದ ಅಗತ್ಯವೇ ಇಲ್ಲದಂತೆ ನಾವು ಮಾಡಿದ್ದೇವೆ. ಸರ್ಕಾರದ ಪಟ್ಟಿ ಒಂದು ಬೆಳೆ ಹೇಳಿತು, ಸುತ್ತಲಿನ ಬೆಲೆಗಳೆಲ್ಲ ಸೇರಿ ಇನ್ನೊಂದು ಬೆಳೆ ಹೇಳಿದವು. ಯಾವ ರೈತರೇ ಆಗಲಿ ಎರಡನೆಯದನ್ನೇ ಕೇಳುತ್ತಾರೆ.

ಬೆಲೆ ಅಂದರೆ ಬರೀ ಕೊಡುವ ತಗೊಳ್ಳುವ ದುಡ್ಡಲ್ಲ, ಸುದ್ದಿ ಕೂಡ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿದ್ದು ರೈತರ ಸಿಟ್ಟಿಗೆ ವಾಹನಗಳು ಸುಟ್ಟಿದ್ದು ತಮಗೆ ನೆನಪಿರಬಹುದು. ಬಳ್ಳಾರಿ, ರಾಯಚೂರು ಕಡೆಯಿಂದ ಮಾಲು ತಗೊಂಡು ಹೋದವರಿಗೆ ಅದು ದೊಡ್ಡ ಪೆಟ್ಟು. ಆ ನೋವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಯಾವ ಅಧಿಕಾರಿಯೂ ಹಳ್ಳಿ ಹಳ್ಳಿಗೆ ಹೋಗಿ ಮೆಣಸಿನಕಾಯಿ ಕಡಿಮೆ ಹಾಕಿ ಅಂತ ಹೇಳಬೇಕಾಗಲಿಲ್ಲ. ಮುಂದಿನ ಹಂಗಾಮಿನಲ್ಲಿ ಎಷ್ಟೋ ಜನ ತಾವೇ ಕಡಿಮೆ ಮಾಡಿದರು. ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ಮಾಲಿದೆ, ಗುಂಟೂರಿನಲ್ಲಿ ಏನು ನಡೆದಿದೆ ಅಂತ ಒಬ್ಬ ರೈತರಿಗೆ ಪೂರ್ತಿ ಗೊತ್ತಾಗಲು ಸಾಧ್ಯವಿಲ್ಲ. ಅದೆಲ್ಲ ಒಂದು ದರದಲ್ಲಿ ಅವರಿಗೆ ಮುಟ್ಟುತ್ತದೆ. ನಮ್ಮ ಕಾಲುವೆಯಲ್ಲಿ ನೀರು ಕಡಿಮೆಯಾಗಿದೆ ಅನ್ನುವ ಸುದ್ದಿ ಮಾತ್ರ ಮೇಲ್ಭಾಗದ ಯಾವ ಮನೆಗೂ ಈ ರೀತಿ ಮುಟ್ಟುವುದಿಲ್ಲ. ಕೊನೆ ಭಾಗದಲ್ಲಿ ಹತ್ತಿ ಒಣಗಿದರೂ ಅಲ್ಲಿ ನೀರಿನ ಖರ್ಚು ಒಂದು ರೂಪಾಯಿಯೂ ಏರುವುದಿಲ್ಲ.

ಇಡೀ ದೇಶವನ್ನೇ ಹೀಗೆ ಪಟ್ಟಿಯ ಮೇಲೆ ನಡೆಸಲು ಹೊರಟವರು ಸೋವಿಯತ್ ರಷ್ಯಾದವರು. ಗೋಸ್‌ಪ್ಲಾನ್ ಅನ್ನುವ ಯೋಜನಾ ಸಂಸ್ಥೆ 1921ರಲ್ಲಿ ಶುರುವಾಯಿತು. 1928ರಿಂದ ಪಂಚವಾರ್ಷಿಕ ಯೋಜನೆಗಳು. ಯಾವ ಕಾರ್ಖಾನೆಗೆ ಎಷ್ಟು ಕಬ್ಬಿಣ, ಯಾವ ಊರಿಗೆ ಎಷ್ಟು ಬೂಟು ಅಂತ ಮಾಸ್ಕೋದಲ್ಲಿ ತೀರ್ಮಾನ. ಬೆಲೆಗಳೂ ಇದ್ದವು, ಆದರೆ ಅವನ್ನೂ ಕಚೇರಿಯಲ್ಲೇ ಬರೆಯುತ್ತಿದ್ದರು. ವಸ್ತು ಕಡಿಮೆಯಾದಾಗ ಆ ಬೆಲೆ ಏರುತ್ತಿರಲಿಲ್ಲ, ಅಂಗಡಿ ಮುಂದಿನ ಸಾಲು ಉದ್ದವಾಗುತ್ತಿತ್ತು. ಬ್ರೆಡ್ಡನ್ನು ಎಷ್ಟು ಅಗ್ಗ ಮಾಡಿದ್ದರು ಅಂದರೆ ಹಳ್ಳಿಯವರು ದನಕ್ಕೆ, ಹಂದಿಗೆ ಬ್ರೆಡ್ಡೇ ಹಾಕತೊಡಗಿದರು. ಕಾಳು ಹುಡುಕಿ ಹಾಕುವುದಕ್ಕಿಂತ ಅದೇ ಸಸ್ತಾ. ಸೋವಿಯತ್ ನಾಯಕ ಕ್ರುಶ್ಚೇವ್ ಕಾಲದಲ್ಲಿ ಅದನ್ನು ಅಪರಾಧ ಅಂತ ಕಾನೂನು ಮಾಡಿದರು. ಗೋಧಿಯನ್ನು 1963ರಲ್ಲಿ ಕೆನಡಾದಿಂದ ಕೊಳ್ಳಬೇಕಾಯಿತು. ಬೆಲೆ ತಪ್ಪು ಹೇಳುವಾಗ ಪೊಲೀಸರು ಎಷ್ಟು ಜನರನ್ನು ಕಾಯಲು ಸಾಧ್ಯ? ಕಾಲುವೆ ದಂಡೆಯ ಮೇಲಿನ ನಿಷೇಧಾಜ್ಞೆಯ ವಿಷಯದಲ್ಲೂ ನನ್ನ ಪ್ರಶ್ನೆ ಅದೇ.

ಬೆಲೆ ಮುಟ್ಟಲು ಸರ್ಕಾರಗಳಿಗೆ ಇರುವ ಹೆದರಿಕೆ ನನಗೆ ಅರ್ಥವಾಗುತ್ತದೆ. 1962ರಲ್ಲಿ ಸೋವಿಯತ್ ಸರ್ಕಾರ ಮಾಂಸ, ಬೆಣ್ಣೆಯ ದರ ಏರಿಸಿತು. ನೊವೊಚೆರ್ಕಾಸ್ಕ್ ಊರಿನಲ್ಲಿ ಕಾರ್ಮಿಕರು ಬೀದಿಗಿಳಿದರು, ಗುಂಡು ಹಾರಿತು, ಜನ ಸತ್ತರು. ಆಮೇಲೆ ಬಹಳ ವರ್ಷ ಆ ಬೆಲೆಗಳನ್ನು ಯಾರೂ ಮುಟ್ಟಲಿಲ್ಲ. ಕೊರತೆ ಮಾತ್ರ ಬೆಳೆಯಿತು. ಅದಕ್ಕೇ ನಾನು ಕರ ಏರಿಸಿ ಅಂತ ಸುಮ್ನೆ ಹೇಳುತ್ತಿಲ್ಲ. ಹಳೇ ಕರವನ್ನೇ ಎರಡು ಪಟ್ಟು ಮಾಡಿದರೆ ಮೇಲ್ಭಾಗದವರಿಗೆ ಸಿಟ್ಟು ಬರುತ್ತದೆ, ಕೆಳಭಾಗಕ್ಕೆ ಒಂದು ಹನಿ ನೀರೂ ಹೆಚ್ಚು ಬರುವುದಿಲ್ಲ.

ಆ ದೇಶದ ಇನ್ನೊಬ್ಬರ ಕಥೆ ತಮ್ಮ ಸಮಿತಿಗೆ ಹೆಚ್ಚು ಉಪಯೋಗ. ಲಿಯೊನಿದ್ ಕಾಂಟೊರೊವಿಚ್ ಅಂತ ಲೆನಿನ್‌ಗ್ರಾಡಿನ ಗಣಿತಜ್ಞ. 1930ರ ದಶಕದ ಕೊನೆಗೆ ಪ್ಲೈವುಡ್ ಕಾರ್ಖಾನೆಯವರು ಅವರ ಹತ್ತಿರ ಬಂದು, ಬೇರೆ ಬೇರೆ ಮಷಿನ್‌ಗಳಿಗೆ ಕೆಲಸ ಹೇಗೆ ಹಂಚಿದರೆ ಹೆಚ್ಚು ಮಾಲು ಬರುತ್ತದೆ ಅಂತ ಕೇಳಿದರು. 1939ರಲ್ಲಿ ಅವರು ದಾರಿ ಕಂಡುಹಿಡಿದರು. ಲೆಕ್ಕ ಬಿಡಿಸುವಾಗ ಪ್ರತಿ ಕೊರತೆಯ ವಸ್ತುವಿನ ಪಕ್ಕದಲ್ಲೂ ಒಂದು ಸಂಖ್ಯೆ ಬಂದು ಕೂತಿತು: ಈ ವಸ್ತು ಇನ್ನು ಸ್ವಲ್ಪ ಸಿಕ್ಕಿದ್ದರೆ ಎಷ್ಟು ಹೆಚ್ಚು ಉತ್ಪಾದನೆ ಆಗುತ್ತಿತ್ತು? ಅದು ಬೆಲೆಯೇ. ಮಾರುಕಟ್ಟೆ ಬೇಡ ಅಂದ ದೇಶದಲ್ಲಿ, ಯೋಜನೆಗೇ ಸಹಾಯ ಮಾಡಲು ಕೂತವರಿಗೆ ಬೆಲೆ ಸಿಕ್ಕಿತು. ಅಲ್ಲಿನ ಪಂಡಿತರಿಗೆ ಇದು ಹಿಡಿಸಲಿಲ್ಲ. ಕಾಂಟೊರೊವಿಚ್ ಅವರಿಗೆ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಯಾರು ಹಂಚಿದರೂ ಸರಿ, ಕೊರತೆಯ ವಸ್ತುವನ್ನು ಹಂಚುವವರಿಗೆ ಈ ಸಂಖ್ಯೆ ಬೇಕೇ ಬೇಕು.

ಈಗ ನಮ್ಮ ಕಾಲುವೆಗೆ ಅದೇ ಪ್ರಶ್ನೆ ಹಾಕಿ. ಜೋಳ ಕಾಳು ಕಟ್ಟುವಾಗ, ಹತ್ತಿ ಕಾಯಿ ಹಿಡಿಯುವಾಗ ಕೊನೆ ಭಾಗದ ಹೊಲಕ್ಕೆ ಒಂದು ನೀರು ಸಿಕ್ಕರೆ ಇಡೀ ಬೆಳೆ ಉಳಿಯುತ್ತದೆ. ಆವರೆಗೆ ಹಾಕಿದ ಬೀಜ, ಗೊಬ್ಬರ, ಔಷಧಿ, ಕೂಲಿ ಎಲ್ಲ ಉಳಿಯುತ್ತದೆ. ಅದೇ ನೀರು ಆಗಲೇ ತುಂಬಿ ನಿಂತ ಗದ್ದೆಗೆ ಹೋದರೆ ಇಳುವರಿ ಒಂದು ಚೀಲವಾದರೂ ಏರುತ್ತದಾ? ಬಹುತೇಕ ಇಲ್ಲ. ಜಾಸ್ತಿ ನಿಂತ ನೀರಿನಿಂದ ಮೇಲ್ಭಾಗದ ಭೂಮಿಯೇ ಸವಳು-ಜವಳಾಗುತ್ತಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ವರ್ಷಗಳಿಂದ ಆ ಸವಳು ಭೂಮಿಯ ಮೇಲೆ ಕೆಲಸ ಮಾಡುತ್ತಿದ್ದಾರೆ. ಒಂದೇ ನೀರು ಒಂದು ಕಡೆ ಬೆಳೆ ಉಳಿಸುತ್ತದೆ, ಇನ್ನೊಂದು ಕಡೆ ಭೂಮಿ ಕೆಡಿಸುತ್ತದೆ. ಕ್ಯೂಸೆಕ್ ಮತ್ತು ತಾರೀಖು ಮಾತ್ರ ಹೇಳುವ ನಿರ್ಣಯದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಇದು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಅರಲ್ ಸಮುದ್ರ ಇದೆ. ಮಧ್ಯ ಏಷ್ಯಾದಲ್ಲಿ ಹತ್ತಿ ಬೆಳೆಯಲೇಬೇಕು ಅಂತ ಗುರಿ ಹಾಕಿ ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು ಕಾಲುವೆಗಳಿಗೆ ತಿರುಗಿಸಿದರು. 1954ರಲ್ಲಿ ಶುರುವಾದ ಕರಕುಂ ಕಾಲುವೆ ಮರಳಿನ ಮಧ್ಯೆ ತೋಡಿದ ಮಣ್ಣಿನ ಕಾಲುವೆ. ಬಹಳ ನೀರು ದಾರಿಯಲ್ಲೇ ಇಂಗಿಹೋಗುತ್ತಿತ್ತು. ಟನ್ನುಗಟ್ಟಲೆ ಹತ್ತಿಯ ಗುರಿ ಮುಟ್ಟಿತಾ ಅಂತ ಕೇಳುವವರಿದ್ದರು. ಅದಕ್ಕೆ ಎಷ್ಟು ನೀರು ಹೋಯಿತು ಅನ್ನುವುದು ಯಾರ ಜೇಬಿಗೂ ತಟ್ಟುವ ಖರ್ಚಾಗಿರಲಿಲ್ಲ. 1960ರಲ್ಲಿ ಜಗತ್ತಿನ ನಾಲ್ಕನೇ ದೊಡ್ಡ ಸರೋವರವಾಗಿತ್ತು ಅದು. ಈಗ ಬಹುಪಾಲು ಉಪ್ಪಿನ ಮರುಭೂಮಿ. ಮೊಯ್ನಾಕ್ ಅನ್ನುವ ಬಂದರಿನಲ್ಲಿ ಮೀನು ಹಿಡಿಯುತ್ತಿದ್ದವರ ಕೆಲಸವೇ ಹೋಯಿತು. ನಮ್ಮದು ಅಷ್ಟು ದೊಡ್ಡ ಅನಾಹುತ ಅಲ್ಲ, ನಿಜ. ಆದರೆ 133 ಟಿಎಂಸಿ ಹಿಡಿಯಬೇಕಿದ್ದ ನಮ್ಮ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ನದಿಗೆ ಹೋಗುವ ಒಂದೊಂದು ಟಿಎಂಸಿಗೂ ಮೂರು ಜಿಲ್ಲೆ ಮರುಗಿತು. ಕಾಲುವೆಗೆ ಇಳಿದ ಮೇಲೆ ಹೋಗುವ ನೀರಿಗೆ ಯಾಕೆ ಅಷ್ಟು ಲೆಕ್ಕ ಇಲ್ಲ?

ನೀರು ದೇವರು ಕೊಟ್ಟಿದ್ದು, ಅದನ್ನು ಮಾರುವ ಮಾತು ಆಡಬೇಡಿ ಅಂತ ನಮ್ಮ ಊರಿನ ಹಿರಿಯರೇ ನನಗೆ ಹೇಳಿದ್ದಾರೆ. ಆ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಕುಡಿಯುವ ನೀರು, ದನಕರುಗಳ ನೀರು ಯಾವ ವ್ಯಾಪಾರಕ್ಕೂ ಸೇರಬಾರದು. ಬೊಲಿವಿಯಾದ ಕೊಚಬಾಂಬಾದಲ್ಲಿ 2000ನೇ ಇಸವಿಯಲ್ಲಿ ಊರಿನ ನೀರನ್ನು ಕಂಪನಿಗೆ ಕೊಟ್ಟು, ದರ ಏರಿ, ಜನ ದಂಗೆ ಎದ್ದು, ಕೊನೆಗೆ ಒಪ್ಪಂದವನ್ನೇ ರದ್ದು ಮಾಡಬೇಕಾಯಿತು. ಅಂಥದ್ದು ನಮಗೆ ಬೇಡ. ದುಡ್ಡಿಲ್ಲದವರ ಬಾಯಾರಿಕೆ ಬೆಲೆಗೆ ಕೇಳಿಸುವುದಿಲ್ಲ. ಅದು ಸರ್ಕಾರವೇ ಕೇಳಿಸಿಕೊಳ್ಳಬೇಕಾದದ್ದು.

ಬೆಲೆಯೊಂದನ್ನೇ ನಂಬಿದರೆ ಏನಾಗುತ್ತದೆ ಅಂತ ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚೀನಾದ ಬೇಡಿಕೆಯಿಂದ ಅದಿರಿನ ದರ ಏರಿದ ವರ್ಷಗಳಲ್ಲಿ ಅದಿರಿಗೆ ಬೆಲೆ ಇತ್ತು. ಸಂಡೂರಿನ ಕಾಡಿಗೆ, ಲಾರಿ ಓಡಿ ಹಾಳಾದ ರಸ್ತೆಗೆ, ಕೆಂಪು ಧೂಳು ಕೂತ ಬೆಳೆಗೆ ಬೆಲೆ ಇರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಬಿಡುವಾಗ ಎರಡು ಕೆಲಸ ಮಾಡಿತು. ಬಳ್ಳಾರಿ ಜಿಲ್ಲೆಯಿಂದ ವರ್ಷಕ್ಕೆ ಎರಡೂವರೆ ಕೋಟಿ ಟನ್ ಮೀರಬಾರದು ಅಂತ ಮಿತಿ ಹಾಕಿತು. ಆ ಮಿತಿಯೊಳಗಿನ ಅದಿರು ಇ-ಹರಾಜಿನಲ್ಲಿ ಎಲ್ಲರೆದುರು ಮಾರಾಟವಾಗಬೇಕು ಅಂದಿತು. ಮಿತಿ ಎಷ್ಟು ಅನ್ನುವುದನ್ನು ಕಾನೂನು ಹೇಳಿತು, ಅದರೊಳಗೆ ಯಾರಿಗೆ ಎಷ್ಟು ಅನ್ನುವುದನ್ನು ಬೆಲೆ ಹೇಳಿತು. ನೀರಿಗೆ ನಾನು ಕೇಳುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ.

ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ನದಿಗಳ ಸೀಮೆಯಲ್ಲಿ 1995ರಲ್ಲಿ ನದಿಯಿಂದ ಎತ್ತುವ ನೀರಿಗೆ ಮಿತಿ ಹಾಕಿದರು. ರೈತರ ಪಾಲನ್ನು ಅಳತೆಯಲ್ಲಿ ಅವರ ಹೆಸರಿಗೆ ಮಾಡಿದರು. ಆ ಪಾಲನ್ನು ಒಂದು ಹಂಗಾಮಿಗೆ ಇನ್ನೊಬ್ಬರಿಗೆ ಕೊಡಬಹುದಿತ್ತು. 2000ರ ದಶಕದ ದೊಡ್ಡ ಬರಗಾಲದಲ್ಲಿ ಭತ್ತದ ರೈತರು ಆ ವರ್ಷದ ನೀರನ್ನು ದ್ರಾಕ್ಷಿ, ಹಣ್ಣಿನ ತೋಟದವರಿಗೆ ಮಾರಿದರು. ಭತ್ತ ಒಂದು ವರ್ಷ ಬಿಟ್ಟರೆ ಮುಂದಿನ ವರ್ಷ ಹಾಕಬಹುದು, ತೋಟ ಒಣಗಿದರೆ ಹೋದಂತೆಯೇ. 2008ರಲ್ಲಿ ಅಲ್ಲಿ ಭತ್ತದ ಬೆಳೆ ಹೆಚ್ಚುಕಡಿಮೆ ನಿಂತೇಹೋಯಿತು. ಆದರೆ ನೀರು ಬಿಟ್ಟುಕೊಟ್ಟವರ ಕೈಗೆ ದುಡ್ಡು ಬಂತು. ಹೊಲವೇ ಇಲ್ಲದ ವ್ಯಾಪಾರಿಗಳು ನೀರು ಹಿಡಿದಿಟ್ಟುಕೊಂಡರು ಅಂತ ಅಲ್ಲಿ ದೂರುಗಳೂ ಎದ್ದಿವೆ. ಆದ್ದರಿಂದ ಇಲ್ಲಿ ಪಾಲು ಜಮೀನು ಉಳುವವರ ಹತ್ತಿರವೇ ಇರಬೇಕು. ಒಂದು ಹಂಗಾಮಿಗೆ ಮಾತ್ರ, ಇದೇ ಕಾಲುವೆಯ ಒಳಗೆ ಮಾತ್ರ, ಸಂಘದ ಮೂಲಕ ಮಾತ್ರ ಕೊಡುವಂತಿರಬೇಕು. ಶಾಶ್ವತವಾಗಿ ಮಾರುವ ಹಾಗೆ ಇರಬಾರದು.

ಮೊದಲು ಅಳತೆ ಬೇಕು. ಪ್ರತಿ ವಿತರಣಾ ಕಾಲುವೆಯ ತಲೆಯಲ್ಲಿ ಒಂದು ಮೀಟರ್, ಅದರ ದಿನದ ಲೆಕ್ಕ ಎಲ್ಲರ ಮೊಬೈಲಿಗೂ ಸಿಗುವ ಹಾಗೆ. ಇದು ಆಗದ ಮಾತಲ್ಲ. ಕೃಷ್ಣಾ ನದಿಯ ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಗೇಟುಗಳನ್ನು ದೂರದಿಂದ ನಡೆಸುವ, ನೀರು ಅಳೆಯುವ ಸ್ಕಾಡಾ ವ್ಯವಸ್ಥೆ ಬಂದಿದೆ. ಈಗ ಕಡಿಮೆ ಕೂಲಿಗೆ ರಾತ್ರಿಯಲ್ಲಿ ಕಾಲುವೆ ಕಾಯುವ ಗ್ಯಾಂಗ್‌ಮ್ಯಾನ್‌ಗಳು ಒಂದು ಕಡೆ ರೈತರ ಸಿಟ್ಟಿಗೂ ಇನ್ನೊಂದು ಕಡೆ ಮೇಲಿನವರ ಬೈಗುಳಕ್ಕೂ ಸಿಕ್ಕಿದ್ದಾರೆ. ಅಳತೆ ಎಲ್ಲರಿಗೂ ಕಾಣುವಂತಿದ್ದರೆ ಅವರ ಬದುಕೂ ಸ್ವಲ್ಪ ಹಗುರಾಗುತ್ತದೆ. ಆಮೇಲೆ ತಮ್ಮ ನಿರ್ಣಯದಲ್ಲಿ ತಾರೀಖಿನ ಜೊತೆ ಪಾಲನ್ನೂ ಬರೆಯಿರಿ. ಈ ಹಂಗಾಮಿಗೆ ಈ ನೀರು ಬಳಕೆದಾರರ ಸಹಕಾರ ಸಂಘಕ್ಕೆ ಎಕರೆಗೆ ಇಷ್ಟು ಲಕ್ಷ ಲೀಟರ್, ಮೇಲ್ಭಾಗವಾಗಲಿ ಕೆಳಭಾಗವಾಗಲಿ ಒಂದೇ ಅಳತೆ. ಏನು ಬೆಳೆಯಬೇಕು ಅನ್ನುವುದನ್ನು ರೈತರಿಗೆ ಬಿಡಿ. ಭತ್ತ ಬೇಕು ಅನ್ನುವವರು ತಮ್ಮ ಪಾಲಿಗಿಂತ ಹೆಚ್ಚಿನ ನೀರನ್ನು ಕೆಳಗಿನ ಸಂಘದಿಂದ ಹಂಗಾಮಿನ ಶುರುವಿನಲ್ಲೇ ದುಡ್ಡು ಕೊಟ್ಟು ಪಡೆಯಲಿ. ಆಗ ಕೊನೆ ಭಾಗದ ಕವಿತಾಳದ ಕಡೆಯ ರೈತರು ಆ ವರ್ಷ ಕಡಲೆ ಹಾಕಿಕೊಂಡು ಉಳಿದ ಪಾಲನ್ನು ಒಳ್ಳೆ ದರಕ್ಕೆ ಕೊಡಲೂಬಹುದು, ಕೊಡೋದಿಲ್ಲ ಅಂತ ಹೇಳಲೂಬಹುದು. ಇವತ್ತು ಅವರಿಗೆ ಈ ಎರಡೂ ಮಾತು ಹೇಳುವ ಹಕ್ಕಿಲ್ಲ. ಅವರ ಪಾಲಿನ ನೀರು ಕೇಳದೆಯೇ ಹೋಗುತ್ತಿದೆ, ಬದಲಿಗೆ ಒಂದು ಪೈಸೆಯೂ ಬರುತ್ತಿಲ್ಲ.

ಮೇಲ್ಭಾಗದವರು ಇದನ್ನು ಒಪ್ಪುತ್ತಾರಾ ಅಂತ ತಾವು ಕೇಳಬಹುದು. ಎಪ್ಪತ್ತು ವರ್ಷದ ಅಭ್ಯಾಸ ಒಂದೇ ಹಂಗಾಮಿನಲ್ಲಿ ಬದಲಾಗಲಿ ಅಂತ ನಾನು ಹೇಳುವುದಿಲ್ಲ. ಬಸಿದು ಜೌಗಾದ ಭೂಮಿಯಲ್ಲಿ ಜೋಳ ಹಾಕಿ ಅನ್ನುವುದೂ ನ್ಯಾಯ ಅಲ್ಲ. ಅಲ್ಲಿಗೆ ಬಸಿಗಾಲುವೆ ಮಾಡಿಕೊಡುವ ಖರ್ಚು ಸರ್ಕಾರದ್ದು. ಮುಂಗಾರಿಗೆ ಮುಂಚೆಯೇ ಜೋಳದ ಖರೀದಿ ಎಷ್ಟು, ಎಲ್ಲಿ, ದುಡ್ಡು ಎಷ್ಟು ದಿನದಲ್ಲಿ ಅಂತ ಸರ್ಕಾರ ಬರೆದುಕೊಟ್ಟರೆ ಕೆಲವರಾದರೂ ತಾವಾಗಿಯೇ ಬದಲಾಗುತ್ತಾರೆ. ಹೂಳಿನಿಂದ ಕಳೆದುಕೊಂಡ ನೀರನ್ನು ಹಿಡಿದಿಡಲು ನವಲಿ ಹತ್ತಿರ ಸಮತೋಲನ ಜಲಾಶಯ ಆಗಲಿ ಅಂತ ನಾವೂ ಕೇಳುತ್ತಿದ್ದೇವೆ. ಆದರೆ ಅಳತೆ ಇಲ್ಲದೆ ಹೋದರೆ ಆ ನೀರೂ ಭತ್ತದ ಗದ್ದೆಯಲ್ಲೇ ನಿಲ್ಲುತ್ತದೆ ಅನ್ನುವುದು ನನ್ನ ಭಯ.

ತಮ್ಮ ಮುಂದಿನ ಸಭೆಯ ವಿಷಯ ಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ: ಮೇಲ್ಭಾಗದ ಒಂದು, ಕೊನೆ ಭಾಗದ ಒಂದು ವಿತರಣಾ ಕಾಲುವೆಯನ್ನು ಆರಿಸಿ, ಎರಡೂ ಕಡೆಯ ಸಂಘಗಳನ್ನು ಕೂರಿಸಿ, ಒಂದು ಹಂಗಾಮು ನೀರನ್ನು ಅಳೆದು ಪಾಲು ಕೊಟ್ಟು ನೋಡುವುದು. ಆ ಎರಡು ಕಾಲುವೆಗಳ ದಿನದಿನದ ಲೆಕ್ಕ ಪಂಚಾಯಿತಿ ಬೋರ್ಡಿನ ಮೇಲೆ ಬರಲಿ. ಸಭೆಗೆ ಕೊನೆ ಭಾಗದ ರೈತರನ್ನೂ, ಅವರಲ್ಲಿ ಹೆಣ್ಣುಮಕ್ಕಳನ್ನೂ ಕರೆಯಿರಿ. ಕರೆದರೆ ನಾನೂ ಬರುತ್ತೇನೆ, ನಮ್ಮ ಊರಿನ ಸರ್ವೆ ನಂಬರುಗಳ ಲೆಕ್ಕ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಎಡದಂಡೆ ಕಾಲುವೆಯ ಕೊನೆ ಭಾಗದ ಒಬ್ಬ ರೈತ ಮಹಿಳೆ,
ಮಾನ್ವಿ ತಾಲೂಕು, ರಾಯಚೂರು ಜಿಲ್ಲೆ